ಫ್ರೆಂಚ್ ಕಾರೂ ಹುಣಸೆ ತೊಕ್ಕೂ

ಧಾರವಾಡದ ಇಂದುಮತಿ ದೇಸಾಯಿಯವರು ತಮ್ಮ ಅಜ್ಜನ ಕಾಲದ ಫ್ರೆಂಚ್ ಕಾರಿನಲ್ಲಿ ಹಳೆಯ ಕಾರುಗಳ ಸ್ಪರ್ಧೆಗೆ ಹೊರಟರು. ರೊಟ್ಟಿಯ ಬುತ್ತಿಯ ಜೊತೆಗೆ ಹುಣಸೆ ತೊಕ್ಕಿನ ಜಾಡಿಯನ್ನೂ ಪಕ್ಕದ ಸೀಟಿನ ಮೇಲಿಟ್ಟರು.

"ಎಲೈ ತೊಕ್ಕೇ, ದೂರ ಸರಿದು ಕೂರು," ಎಂದಿತು ಕಾರು. "ನಾನು ಹುಟ್ಟಿದ್ದು ಪಾರೀ ನಗರದಲ್ಲಿ."

"ಪ್ಯಾರಿಸ್ಸೇ?" ಎಂದಿತು ತೊಕ್ಕು.

"ಪಾರೀ! ಕೊನೆಯ ಸಕಾರವನ್ನು ಉಚ್ಚರಿಸಬಾರದು. ಒಂದು ಹೆಸರನ್ನು ನೆಟ್ಟಗೆ ಹೇಳಲಾರದ ನಿನಗೆ ನನ್ನಲ್ಲಿ ಸ್ಥಾನವೇಕೆ?"

"ಕಲಿಯುತ್ತೇನೆ, ಸ್ವಾಮಿ. ನನ್ನದು ಬರೀ ಉಪ್ಪು, ಹುಳಿ, ಖಾರದ ನಾಲಿಗೆ."

ದಾರಿಯಲ್ಲಿ ಮಳೆ ಹಿಡಿಯಿತು. ಮೈದಾನ ತಲುಪುವ ಹೊತ್ತಿಗೆ ಕಾರಿನ ಹಿತ್ತಾಳೆಯ ದೀಪಗಳು ಕಲೆಗಟ್ಟಿ ಮಂಕಾಗಿದ್ದವು. ಪಾಲಿಶ್ ಡಬ್ಬಿ ಮನೆಯಲ್ಲೇ ಉಳಿದಿತ್ತು.

"ಇಂಥವರನ್ನು ಸಾಲಿನಿಂದಲೇ ಹೊರಗಿಡುತ್ತಾರೆ," ಎಂದು ಪಕ್ಕದ ಜರ್ಮನ್ ಕಾರು ನಕ್ಕಿತು. ಫ್ರೆಂಚ್ ಕಾರು ನಾಚಿ ಕುಗ್ಗಿತು.

ಇಂದುಮತಿಯವರು ತಡಮಾಡಲಿಲ್ಲ. ಮನೆಯ ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಹಚ್ಚುವಂತೆ, ಜಾಡಿಯ ತೊಕ್ಕನ್ನೆಲ್ಲ ತೆಗೆದು ದೀಪಗಳಿಗೆ ತಿಕ್ಕಿದರು.

"ಅಯ್ಯೋ, ಉರಿ!" ಎಂದು ಕಾರು ಕೂಗಿತು.

"ತುಸು ತಾಳಿ, ಸ್ವಾಮಿ. ನಿಮ್ಮ ಮಂಕು ನನಗಿರಲಿ," ಎಂದ ತೊಕ್ಕು ಕಪ್ಪಾಗಿ, ತೊಳೆದ ನೀರಿನೊಡನೆ ಮಣ್ಣಿಗಿಳಿಯಿತು.

ದೀಪಗಳು ಚಿನ್ನದಂತೆ ಹೊಳೆದವು. ತೀರ್ಪುಗಾರರು ಕಾರನ್ನು ಸಾಲಿನ ಮುಂಭಾಗದಲ್ಲೇ ನಿಲ್ಲಿಸಿದರು.

"ಇದು ಯಾವ ದೇಶದ ಪಾಲಿಶ್?" ಎಂದು ಜರ್ಮನ್ ಕಾರು ಬೆರಗಿನಿಂದ ಕೇಳಿತು.

"ಧಾರವಾಡದ್ದು. ತೊಕ್ಕು."

"ತೋಕು?"

"ತೊಕ್ಕು!" ಎಂದು ಫ್ರೆಂಚ್ ಕಾರು ಎದೆಯುಬ್ಬಿಸಿ ಹೇಳಿತು. "ಕಕಾರಕ್ಕೆ ಒತ್ತಿದೆ. ಹೆಸರನ್ನು ನೆಟ್ಟಗೆ ಹೇಳುವುದನ್ನು ಕಲಿ."