ಮಾವನ ತಲೆಗೆ ಎಣ್ಣೆ

"ಗುರುಗಳೇ, ಹಬ್ಬಕ್ಕೆ ಮನೆಯವರಿಗೆ ಏನು ಕೊಂಡೊಯ್ಯಲಿ?" ಎಂದು ಚಿದಂಬರ ಕೇಳಿದ. "ಅಪ್ಪ ತರ್ಕದಲ್ಲಿ ಪಂಡಿತರು. ಅಕ್ಕ ಗಣಿತದಲ್ಲಿ ಎಂಥವರ ಬಾಯನ್ನೂ ಮುಚ್ಚಿಸುತ್ತಾಳೆ. ಏನು ಕೊಟ್ಟರೂ ಕೊಂಕು ತೆಗೆಯುತ್ತಾರೆ. ಈ ಸಲ ಹೋಗುವುದೇ ಬೇಡ ಎನಿಸಿದೆ."

ಗುರುಗಳು ನಕ್ಕರು. "ಊರಿಗೆ ಹೋಗದಿರಲು ಎಂಥ ಕಾರಣ ಹುಡುಕಿದೆಯಪ್ಪ! ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಗಿರಾಕಿಯ ಮುಖ ನೋಡಿಯೇ ಬೇಕಾದ್ದನ್ನು ತೆಗೆದು ಮುಂದಿಡುವ ಗಟ್ಟಿಗ. ಆ ಜಾಣತನ ಮಾವನ ಮನೆಯಲ್ಲಿ ಮಾತ್ರ ಕೈಕೊಡುತ್ತಿತ್ತು. ಮಾವ ಮಹಾಪಂಡಿತರು. ಭಾವಮೈದ ವೀಣೆ ಹಿಡಿದರೆ ಊರೇ ತಲೆದೂಗುತ್ತಿತ್ತು. ಒಂದು ದೀಪಾವಳಿಗೆ ವ್ಯಾಪಾರಿ ಮಾವನಿಗೆ ಅಪರೂಪದ ಗ್ರಂಥ ತಂದ. ಮಾವ ಮೊದಲ ಪುಟದಲ್ಲೇ ತಪ್ಪು ತೋರಿಸಿ ಮುಚ್ಚಿಟ್ಟರು. ಮರುವರ್ಷ ಭಾವಮೈದನಿಗೆ ವೀಣೆ ತಂದ. ಅವನು ಒಮ್ಮೆ ಬೆರಳಿನಿಂದ ತಟ್ಟಿ ನೋಡಿ, "ಭಾವ, ಮರ ಇನ್ನೂ ಹಸಿ" ಎಂದ. ವ್ಯಾಪಾರಿಗೆ ಮೈಯೆಲ್ಲ ಉರಿಯಿತು.

ಅದರ ಮುಂದಿನ ವರ್ಷ ಬೆಲೆಬಾಳುವ ಶಾಲುಗಳನ್ನು ತರಿಸಿ ಹೆಂಡತಿಗೆ ಖಡಾಖಂಡಿತವಾಗಿ ಹೇಳಿದ: "ಈ ಸಲವೂ ಅವರು ಮೂಗು ಮುರಿದರೆ ನಿನ್ನ ತವರಿಗೆ ನಾನೂ ಕಾಲಿಡುವುದಿಲ್ಲ, ನೀನೂ ಇಡಬೇಡ." ಅವಳು ಕಣ್ಣೊರೆಸಿಕೊಳ್ಳುತ್ತಲೇ ಗಂಟು ಕಟ್ಟಿದಳು. ತಾಯಿ ತೀರಿಕೊಂಡ ಮೇಲೆ ತವರಲ್ಲಿ ಅವಳಿಗೆ ಉಳಿದವರು ಅವರಿಬ್ಬರೇ.

ನರಕ ಚತುರ್ದಶಿಯ ಮುಂಜಾನೆ ಮಾವ ಪದ್ಧತಿಯಂತೆ ಎಲ್ಲರನ್ನೂ ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ಇಟ್ಟರು. ಕೊನೆಗೆ ತಾವೇ ಬೆರಳದ್ದಿ ನೆತ್ತಿಗೆ ಒಂದು ಹನಿ ಸೋಕಿಸಿಕೊಂಡು ಏಳಹೊರಟರು.

"ಇದೇನು ಮಾವ, ಇಷ್ಟೇನಾ?" ಎಂದ ವ್ಯಾಪಾರಿ.

"ನನಗೆ ಎಣ್ಣೆ ಇಡೋ ಹಿರಿಯರು ಇನ್ನು ಯಾರಿದ್ದಾರಪ್ಪ? ಶಾಸ್ತ್ರ ಆಯ್ತಲ್ಲ, ಬಿಡು."

ವ್ಯಾಪಾರಿ ಆಗ ಮಾವನ ಮುಖ ನೋಡಿದ. ಅಯ್ಯೋ, ಇಷ್ಟು ವರ್ಷ ಅವನು ನೋಡಿದ್ದು ತಾನು ತಂದ ಸಾಮಾನನ್ನು ಅವರು ಹೇಗೆ ಹಿಡಿದರು ಎಂಬುದನ್ನಷ್ಟೇ. "ಕೂತ್ಕೊಳ್ಳಿ ಮಾವ" ಎಂದವನೇ ಅಂಗಿಯ ತೋಳು ಮಡಚಿ, ಬಟ್ಟಲ ಎಣ್ಣೆಯನ್ನು ಆ ನೆತ್ತಿಗೆ ಸುರಿದು ತಟ್ಟತೊಡಗಿದ. ಮನೆಮಂದಿ ಉಸಿರು ಬಿಗಿಹಿಡಿದರು. ಊರವರೆಲ್ಲ ಪಂಡಿತರ ಕಾಲಿಗೆ ಬಿದ್ದವರೇ ಹೊರತು ಅವರ ತಲೆ ಮುಟ್ಟಿದವರು ಯಾರೂ ಇರಲಿಲ್ಲ.

ಮಾವ ಸುಮ್ಮನಿರುವವರೇ? "ಎಡಗಿವಿ ಹಿಂದೆ ಬಿಟ್ಟೆ. ನೆತ್ತಿಗೆ ಸಾಲದು. ಅಷ್ಟು ಅವಸರ ಏನು?" ಎಂದು ತಪ್ಪು ಹುಡುಕುತ್ತಲೇ ಹೋದರು. ವ್ಯಾಪಾರಿ ಹೇಳಿದ ಕಡೆಗೆಲ್ಲ ಕೈ ಆಡಿಸಿದ. ಮೆಲ್ಲಗೆ ತಪ್ಪುಗಳೂ ಮುಗಿದವು. ಪಂಡಿತರು ಕಣ್ಣು ಮುಚ್ಚಿ, ತಲೆಯ ಭಾರವನ್ನೆಲ್ಲ ಅಳಿಯನ ಕೈಗೆ ಬಿಟ್ಟು ಕೂತರು. ಭಾವಮೈದ ಪಕ್ಕಕ್ಕೆ ಇನ್ನೊಂದು ಮಣೆ ಎಳೆದುಕೊಂಡು, "ಭಾವ, ಆಮೇಲೆ ನಾನು" ಎಂದ. ಹೆಂಡತಿ ಮತ್ತಷ್ಟು ಎಣ್ಣೆ ಬಿಸಿಮಾಡಲು ನಗುತ್ತಾ ಒಳಗೆ ಓಡಿದಳು. ಶಾಲಿನ ಗಂಟು ಬಿಚ್ಚುವುದು ಅಂದು ಯಾರಿಗೂ ನೆನಪಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚಿದಂಬರನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ! ಪೇಟೆಯಲ್ಲಿ ಸಿಗುವ ಅತ್ಯುತ್ತಮ ಎಣ್ಣೆಯನ್ನೇ ಕೊಂಡೊಯ್ಯುತ್ತೇನೆ" ಎಂದ.

"ಎಣ್ಣೆ ನಿಮ್ಮ ಮನೆಯಲ್ಲೇ ಇರುತ್ತದೆ, ನೀನು ನಿನ್ನ ಅಪ್ಪನ ತಲೆ ಮುಟ್ಟಿ ಎಷ್ಟು ಕಾಲವಾಯಿತು, ಅದನ್ನು ಹೇಳು" ಎಂದರು ಗುರುಗಳು.