ನಟ್ಟು ಸಡಿಲಾಗುವ ತನಕ

ನಾಡಿದ್ದು ಮೊಮ್ಮಗಳ ಮದುವೆ ಮೆರವಣಿಗೆ. ರುದ್ರಗೌಡರಿಗೆ ಅಜ್ಜನ ಕಾಲದ ಕಾರೇ ಬೇಕು. ಬ್ರೇಕು ಸರಿಮಾಡಲು ಹಿಂದಿನ ಗಾಲಿಗಳನ್ನು ಬಿಚ್ಚಬೇಕು. ಆದರೆ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಮುರಿದರೆ ಅಂಥವು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಗೌಡರು ಸುತ್ತಿಗೆ ಹಿಡಿದೇ ನಿಂತಿದ್ದರು. "ಹೊಡಿಯೋ ದಾದಾಪೀರ, ಹೊಡಿ! ಆದ್ರ ಮುರೀಬಾರ್ದು ನೋಡು!"

ಮೇಸ್ತ್ರಿ ದಾದಾಪೀರ ಒಂದು ಗಾಲಿಯ ನಟ್ಟುಗಳಿಗೆ ಎಣ್ಣೆ ಬಿಟ್ಟ. ಸುತ್ತಿಗೆಯನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡ.

"ಗೌಡ್ರ, ಈ ಗಾಡಿ ಮನಿಗೆ ಹೆಂಗ ಬಂತ್ರಿ? ಅದು ಗೊತ್ತಾಗದ ನಾ ಕೈ ಹಚ್ಚಂಗಿಲ್ಲ."

ಗೌಡರಿಗೆ ಅಷ್ಟೇ ಸಾಕಾಯಿತು. ಕುರ್ಚಿ ತರಿಸಿದರು. ಅಜ್ಜ ಕಾರು ತರಲು ಮುಂಬೈಗೆ ಹೋದದ್ದರಿಂದ ಶುರುಮಾಡಿದರು. ಹಳ್ಳದಲ್ಲಿ ಸಿಕ್ಕಿಬಿದ್ದಾಗ ಎತ್ತು ಕಟ್ಟಿ ಎಳೆಸಿದರಂತೆ. ಹಾರ್ನಿಗೆ ಹೆದರಿದ ಅಜ್ಜಿ ಬಾಗಿಲು ತೆಗೆದು ಜೋಳದ ಹೊಲಕ್ಕೆ ಹಾರಿದಳಂತೆ. ಮೇಸ್ತ್ರಿ "ಹೌದೇನ್ರಿ!" ಅನ್ನುತ್ತ ಮತ್ತಷ್ಟು ಎಣ್ಣೆ ಬಿಟ್ಟ, ಹಗುರಾಗಿ ತಟ್ಟಿದ. ಚಹಾ ಬಂತು. ಬಿಸಿಲು ಇಳಿಯಿತು.

ಕತೆಯಲ್ಲಿ ಅಜ್ಜ ಅಜ್ಜಿಯನ್ನು ರಮಿಸಿ ಮತ್ತೆ ಕಾರು ಹತ್ತಿಸುವ ಹೊತ್ತಿಗೆ ಮೇಸ್ತ್ರಿ ನಟ್ಟಿಗೆ ಪಾನಾ ಹಚ್ಚಿ ಒತ್ತಿದ. ನಟ್ಟು ಕಿರ್ರೆಂದು ತಿರುಗಿತು.

"ಎಲಾ! ಏನ್ ಮಾಡಿದ್ಯೋ?"

"ಏನೂ ಇಲ್ರಿ. ಎಣ್ಣಿ ಒಳಗ ಇಳಿಯೂತನಾ ನಿಮ್ಮನ್ನ ಕೂಡಿಸಬೇಕಿತ್ತು."

ಗೌಡರ ಮೀಸೆ ನಡುಗಿತು. ಕಣ್ಣು ಕೆಂಪಾದವು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ತಾವೇ ಎಣ್ಣೆಯ ಡಬ್ಬಿ ಎತ್ತಿ ಆ ಕಡೆಯ ಗಾಲಿಯ ನಟ್ಟುಗಳಿಗೆ ಸುರಿದರು. ಕುರ್ಚಿಯನ್ನೂ ಅಲ್ಲಿಗೇ ಎಳೆದುಕೊಂಡರು.

"ಕೂಡೋ ದಾದಾಪೀರ. ನಮ್ಮ ಅಜ್ಜಿ ಕಾರು ನಡಸಾಕ ಕಲ್ತದ್ದು ಇನ್ನ ಹೇಳಿಲ್ಲ."