ಕೆಂಪು ಬೋಟು, ನೀಲಿ ಬೋಟು

ಹೊನ್ನಾವರದ ಕಾಮತ್ ಒಡೆಯರು ಮನೆಯವರ ವಿಹಾರಕ್ಕೆಂದು ಫೈಬರ್ ಬೋಟು ನೋಡಲು ಹೋದರು. ಅವರಿಗೆ ಬಾಣದಂತೆ ಓಡುವ ಕೆಂಪು ಬೋಟೇ ಬೇಕು. ಹೆಂಡತಿ ಮೀರಾಬಾಯಿಗೆ ಛಾವಣಿಯಿರುವ ಅಗಲವಾದ ನೀಲಿಯೇ ಬೇಕು.

"ಗಣಪು, ನೀನೇ ಹೇಳು. ತಪ್ಪು ಹೇಳಿದೆಯೋ, ಕೆಲಸ ಹೋಯ್ತು!" ಎಂದರು ಇಬ್ಬರೂ.

ಬೋಟು ನಡೆಸಬೇಕಾದ ಗಣಪು ತಲೆ ಕೆರೆದ. "ನಮ್ಮ ಕೇರಿಯಲ್ಲಿ ಹೊಸ ಬೋಟಿಗೆ ಮನೆಯ ಹಿರಿಯರೇ ಮೊದಲು ಕಾಲಿಡಬೇಕು ಒಡೆಯಾ. ಅವರು ಹತ್ತಿದ್ದೇ ಮನೆಯ ಬೋಟು."

ಒಡೆಯರ ತಾಯಿ ಬಂದವರೇ ನೀಲಿ ಬೋಟಿನಲ್ಲಿ ಕಾಲು ಚಾಚಿ, ಎಲೆಯಡಿಕೆ ಡಬ್ಬಿ ಬಿಚ್ಚಿದರು. ಒಡೆಯರು ಕೆಂಪು ಬೋಟಿನತ್ತ ಆಸೆಯ ನೋಟ ಬೀರಿದರು. ಮೀರಾಬಾಯಿ ಗೆದ್ದ ನಗೆ ನಕ್ಕರು.

"ಪ್ರತಿ ಭಾನುವಾರ ಎಷ್ಟೊತ್ತಿಗೆ ಹೊರಡೋದು ಸೊಸೆ? ನನ್ನ ತಂಗಿಯರಿಗೂ ಹೇಳ್ತೇನೆ."

ನಗು ಅಲ್ಲೇ ಬತ್ತಿತು. ಮೀರಾಬಾಯಿ ಮೆಲ್ಲಗೆ ಕೇಳಿದರು, "ಗಣಪು, ಆ ಕೆಂಪು ಬೋಟಿನಲ್ಲಿ ಎಷ್ಟು ಜನ ಕೂರಬಹುದು?"

"ನನ್ನ ಬಿಟ್ಟರೆ ಇಬ್ಬರೇ ಅಮ್ಮ. ಒತ್ತಿ ಕೂತರೂ ಮೂರನೆಯವರಿಗೆ ಜಾಗವಿಲ್ಲ."

ಸಂಜೆಗೆ ಎರಡೂ ಬೋಟು ಮನೆಗೆ ಬಂದವು. ಗಣಪುವಿನ ಕೆಲಸ ಮೊದಲಿಗಿಂತ ಗಟ್ಟಿಯಾಯಿತು.